ಮಾಸ್ಕ್ ತೆಗೆದರೆ ನನ್ನ ಕಂದು ಹಲ್ಲು ಕಾಣುತ್ತೆ: ರೋಗಿಗೆ ಹಲ್ಲುಜ್ಜುವುದು ಹೇಗೆ ಹೇಳಿಕೊಡಲಿ?

ಪಾವಗಡದವಳು:

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಡೆಂಟಲ್ ಹೈಜೀನ್ ಡಿಪ್ಲೊಮಾ ಎರಡನೇ ವರ್ಷ ಓದುತ್ತಿದ್ದೇನೆ. ಊರು ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ಮೊದಲ ವರ್ಷ ಪ್ಲಾಸ್ಟಿಕ್ ಹಲ್ಲಿನ ಮಾಡೆಲ್ ಮೇಲೆ ಕೈ ಪಳಗಿಸಿದ್ದಾಯಿತು. ನಾಲ್ಕು ತಿಂಗಳಿಂದ ಕ್ಲಿನಿಕ್ ಪೋಸ್ಟಿಂಗ್, ನಿಜವಾದ ರೋಗಿಗಳು. ಒಂದು ವಿಷಯ ಮನಸ್ಸಿಗೆ ತುಂಬಾ ಚುಚ್ಚುತ್ತಿದೆ. ಕ್ಲಾಸಿನಲ್ಲಿ ಯಾರ ಹತ್ತಿರವೂ ಹೇಳಿಕೊಂಡಿಲ್ಲ. ಇಲ್ಲಿ ಈ ಕೆಲಸ ಮಾಡುವವರು ಇದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ.

ನನ್ನ ಹಲ್ಲು ಕಂದು. ಮೇಲಿನ ಮುಂದಿನ ನಾಲ್ಕೂ ಹಲ್ಲಿನ ಮೇಲೆ ಅಡ್ಡಕ್ಕೆ ಕಂದು ಪಟ್ಟೆ ಇದೆ. ಅಲ್ಲಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಮಚ್ಚೆ. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೋರ್‌ವೆಲ್ ನೀರಿನ ಫ್ಲೋರೈಡ್. ಪಾವಗಡ ಅಂದ ತಕ್ಷಣ ಬೆಂಗಳೂರಿನವರು ಸೋಲಾರ್ ಪಾರ್ಕ್ ಅನ್ನುತ್ತಾರೆ. ನಮಗೆ ಮೊದಲು ನೆನಪಾಗುವುದು ನೀರು. ನಮ್ಮ ಏಳನೇ ಕ್ಲಾಸಿನ ಗ್ರೂಪ್ ಫೋಟೋದಲ್ಲಿ ಹಲ್ಲು ಬಿಟ್ಟು ನಕ್ಕವರು ಇಬ್ಬರೋ ಮೂವರೋ ಅಷ್ಟೆ.

ಹೋದ ತಿಂಗಳು ಒಬ್ಬರು ಅಜ್ಜನಿಗೆ ಸ್ಕೇಲಿಂಗ್, ಅಂದರೆ ಹಲ್ಲಿಗೆ ಕಟ್ಟಿದ ಕಲ್ಲು ತೆಗೆಯುವ ಕೆಲಸ, ಮುಗಿಸಿದೆ. ಆಮೇಲೆ ಹಲ್ಲುಜ್ಜುವುದು ಹೇಗೆ ಅಂತ ಹೇಳಿಕೊಡಬೇಕು, ಅದೂ ನಮ್ಮ ಕೆಲಸದ ಭಾಗ. ಗ್ಲೌಸ್ ತೆಗೆದು ಕೈ ತೊಳೆದು, ದೊಡ್ಡ ಮಾಡೆಲ್ ಹಿಡಿದು ಕೂತೆ. ಅಜ್ಜನಿಗೆ ಕಿವಿ ಸ್ವಲ್ಪ ಮಂದ. ತುಟಿ ನೋಡಿದರೆ ಅರ್ಥವಾಗಲಿ ಅಂತ ಮಾಸ್ಕ್ ಇಳಿಸಿದೆ. ಬ್ರಷ್ಷನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಇಟ್ಟು ಮೆಲ್ಲಗೆ ಅಲುಗಿಸಬೇಕು ಅಂತ ಶುರು ಮಾಡಿದ್ದೆ ಅಷ್ಟೆ. ಅವರು ನನ್ನ ಬಾಯಿಯನ್ನೇ ನೋಡುತ್ತಾ, "ಏನಮ್ಮಾ, ನಿನ್ನ ಹಲ್ಲೇ ಹಿಂಗವೆ, ನಂಗೇನು ಹೇಳ್ಕೊಡ್ತೀಯ?" ಎಂದರು. ಬೈದು ಹೇಳಲಿಲ್ಲ. ಅವರಿಗೆ ನಿಜವಾಗಿಯೂ ಅನುಮಾನ ಬಂದಿತ್ತು. ನನಗೆ ಒಂದು ಮಾತೂ ಹೊರಡಲಿಲ್ಲ.

ಪಕ್ಕದಲ್ಲಿದ್ದ ಒಬ್ಬರು ಹಿರಿಯರು ಆಮೇಲೆ ನನ್ನನ್ನು ಕರೆದು, "ಡೆಮೋ ಕೊಡುವಾಗ ಮಾಸ್ಕ್ ಹಾಕಿಕೊಂಡೇ ಇರು" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಆ ರಾತ್ರಿ ಹಾಸ್ಟೆಲ್‌ನಲ್ಲಿ ನಿದ್ದೆ ಬರಲಿಲ್ಲ.

ಇನ್ನೊಂದು ಘಟನೆ. ಇದು ಆಟೋ ಓಡಿಸುವ ಅಣ್ಣ ಒಬ್ಬರದ್ದು. ಕಡ್ಡಿಪುಡಿ ಅಭ್ಯಾಸ ಇತ್ತು. ಅವರ ಕೆಳಗಿನ ಮುಂದಿನ ಹಲ್ಲುಗಳ ಒಳಬದಿಯಲ್ಲಿ, ನಾಲಿಗೆ ಕಡೆ, ಪಾಚಿ ಗಟ್ಟಿಯಾಗಿ ಕಲ್ಲು ಕಟ್ಟಿತ್ತು. ಜೊಲ್ಲಿನ ನಾಳ ಅಲ್ಲೇ ಬಾಯಿ ತೆರೆಯುವುದರಿಂದ ಜಾಸ್ತಿ ಕಟ್ಟುವುದೂ ಅಲ್ಲೇ. ಆರೂ ಹಲ್ಲು ಸೇರಿ ಒಂದು ಗೋಡೆ ಆಗಿತ್ತು. ಹಲ್ಲು ಎಲ್ಲಿ ಮುಗಿಯಿತು, ಸಂದು ಎಲ್ಲಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಮೇಲೆ ಬೂದು ಬಣ್ಣ, ವಸಡಿನ ಅಂಚಿನಲ್ಲಿ ಕಪ್ಪು. ಕಲ್ಲು ಕಳಚುವ ಅಲ್ಟ್ರಾಸಾನಿಕ್ ಯಂತ್ರದ ತುದಿಯ ಪಕ್ಕೆಯನ್ನು ತಾಗಿಸುತ್ತಾ, ಒಂದೇ ಕಡೆ ನಿಲ್ಲಿಸದೆ, ಬದಿಯಿಂದ ಬದಿಗೆ ಸವರುತ್ತಾ ಹೋದೆ. ಐದಾರು ನಿಮಿಷ ಏನೂ ಆಗಲಿಲ್ಲ. ಆಮೇಲೆ ಟಕ್ ಅಂತ ಕಡಲೆಬೇಳೆಯಷ್ಟು ಚೂರು ಒಂದೇ ಸಲಕ್ಕೆ ಕಳಚಿ ಅವರ ನಾಲಿಗೆ ಮೇಲೆ ಬಿತ್ತು. ಟ್ವೀಜರ್‌ನಲ್ಲಿ ತೆಗೆದು ಗಾಜ್ ಮೇಲೆ ಇಟ್ಟು ನೋಡಿದೆ. ಅದರ ಒಳಮೈಯಲ್ಲಿ ಹಲ್ಲಿನ ಅಚ್ಚು ಹಾಗೇ ಮೂಡಿತ್ತು. ನುಣ್ಣಗಿನ ಒಂದು ಸಣ್ಣ ಗುಳಿ.

ನನಗೆ ಎಷ್ಟು ಖುಷಿಯಾಯಿತು ಅಂದರೆ, ಹೇಳೋಕಾಗಲ್ಲ. ಆದರೆ ಆ ಅಣ್ಣ ಬಾಯಿ ಮುಕ್ಕಳಿಸಿ, ನಾಲಿಗೆ ಆಡಿಸಿ ನೋಡಿ ಗಾಬರಿಯಾದರು. "ಸಂದು ಬಿದ್ದಿದೆ. ಹಲ್ಲು ಅಲ್ಲಾಡ್ತಿದೆ. ಬಂದಾಗ ಸರಿ ಇತ್ತಲ್ಲ, ಏನ್ ಮಾಡಿದ್ರಿ?" ಎಂದರು. ನಾನು ವಿವರಿಸಿದೆ. ಅವರು ನಂಬಲಿಲ್ಲ. ಮೇಲಿನ ಸಾಲು ಮಾಡಿಸಲು ಮತ್ತೆ ಬರಲೇ ಇಲ್ಲ.

ನನ್ನ ಪ್ರಶ್ನೆ ಇಷ್ಟೇ. ಮಾಸ್ಕ್ ಹಿಂದೆ ಬಚ್ಚಿಟ್ಟುಕೊಂಡೇ ಈ ಕೆಲಸ ಮಾಡಬೇಕಾ? ರೋಗಿ ನನ್ನನ್ನು ನಂಬುವ ಹಾಗೆ ಮಾತಾಡುವುದು ಹೇಗೆ? ಕೈಯ ಕೆಲಸ ದಿನಾ ಮಾಡಿದರೆ ಬಂದೇ ಬರುತ್ತೆ, ಅದರ ಬಗ್ಗೆ ಭಯ ಇಲ್ಲ.

ಹುಬ್ಬಳ್ಳಿ ಹೈಜೀನಿಸ್ಟ್:

ತಂಗೀ, ನಿನ್ನ ಬರಹ ಎರಡು ಸಲ ಓದಿದೆ. ನಾನು ಈ ಕೆಲಸಕ್ಕೆ ಬಂದು 14 ವರ್ಷ ಆಯಿತು. ಮೊದಲು ಆಟೋ ಅಣ್ಣನ ವಿಷಯ ಹೇಳುತ್ತೇನೆ, ಯಾಕಂದರೆ ಎರಡಕ್ಕೂ ಮದ್ದು ಒಂದೇ.

ನೀನು ವಿವರಿಸಿದ್ದು ಸರಿ. ವಿವರಿಸಿದ ಹೊತ್ತು ಸರಿ ಇರಲಿಲ್ಲ. ಕಲ್ಲು ತೆಗೆದ ಮೇಲೆ ಏನು ಹೇಳಿದರೂ ಅದು ನೆಪದ ಹಾಗೆ ಕೇಳುತ್ತೆ. ಕುರ್ಚಿಯಲ್ಲಿ ಕೂತ ತಕ್ಷಣ, ಉಪಕರಣ ಕೈಗೆ ತೆಗೆದುಕೊಳ್ಳುವ ಮೊದಲೇ ಹೇಳಬೇಕು. ನಾನು ಕೈಗನ್ನಡಿ ಕೊಡುತ್ತೇನೆ. ಪ್ರೋಬ್ ಅನ್ನುವ ಅಳತೆ ಕಡ್ಡಿಯನ್ನು ಹಲ್ಲಿಗೂ ವಸಡಿಗೂ ನಡುವಿನ ಸಂದಿಯಲ್ಲಿ ಇಟ್ಟು ಆಳ ಅಳೆದು ಸಂಖ್ಯೆಯನ್ನು ಜೋರಾಗಿ ಓದುತ್ತೇನೆ. ಮೂರು ಮಿಲಿಮೀಟರ್ ಒಳಗಿದ್ದರೆ ಒಳ್ಳೆಯದು, ನಿಮ್ಮದು ಇಲ್ಲಿ ಆರು ಇದೆ ನೋಡಿ ಅಂತ. ಆಗ ಹಲ್ಲನ್ನು ಮೆಲ್ಲಗೆ ಅಲ್ಲಾಡಿಸಿ ತೋರಿಸುತ್ತೇನೆ. ಕಲ್ಲು ಇನ್ನೂ ಅಲ್ಲೇ ಇರುತ್ತೆ, ಆದರೂ ಸ್ವಲ್ಪ ಅಲ್ಲಾಡುವುದು ಅವರಿಗೇ ಗೊತ್ತಾಗುತ್ತೆ.

ಹಳ್ಳಿ ಕಡೆಯವರಿಗೆ ನಾನು ಬೇಲಿ ಕಂಬದ ಮಾತು ಹೇಳುತ್ತೇನೆ. ಮಳೆಗೆ ಬುಡದ ಮಣ್ಣು ಕೊಚ್ಚಿ ಹೋಗಿದೆ. ಮೇಲೆ ಬಳ್ಳಿ ಹಬ್ಬಿ ಕಂಬಗಳನ್ನು ಹಿಡಿದುಕೊಂಡಿದೆ. ಬಳ್ಳಿ ಕಿತ್ತರೆ ಕಂಬ ಅಲ್ಲಾಡುತ್ತೆ. ಆದರೆ ಮಣ್ಣು ಮೊದಲೇ ಹೋಗಿತ್ತಲ್ಲ? ಮಣ್ಣು ಅಂದರೆ ಹಲ್ಲಿನ ಸುತ್ತಲಿನ ಮೂಳೆ, ಬಳ್ಳಿ ಅಂದರೆ ಈ ಕಲ್ಲು. ಬಳ್ಳಿ ಬಿಟ್ಟರೆ ಇರುವ ಮಣ್ಣೂ ಹೋಗುತ್ತೆ. ಇಷ್ಟು ಸಾಕು, ರೈತರು ಪಟ್ಟನೆ ಹಿಡಿಯುತ್ತಾರೆ. ಊತ ಇಳಿದಾಗ ಸಂದು ಕಾಣುತ್ತೆ, ಕೆಲವು ದಿನ ತಣ್ಣೀರಿಗೆ ಜುಮ್ ಅನ್ನುತ್ತೆ, ಅದನ್ನೂ ಮೊದಲೇ ಹೇಳಿಬಿಡು. ನಾಲ್ಕರಿಂದ ಆರು ವಾರ ಬಿಟ್ಟು ಬರಲು ಹೇಳಿ ಮತ್ತೆ ಅಳೆ. ಹಳೆಯ ಸಂಖ್ಯೆ, ಹೊಸ ಸಂಖ್ಯೆ ಪಕ್ಕಪಕ್ಕದಲ್ಲಿ ಬರೆದು ತೋರಿಸು.

ಈಗ ನಿನ್ನ ಹಲ್ಲು. 1948ರ ದಂತವೈದ್ಯರ ಕಾಯ್ದೆಯಲ್ಲಿ ಡೆಂಟಲ್ ಹೈಜೀನಿಸ್ಟ್ ಯಾರು ಅಂತ ಬರೆದಿದ್ದಾರೆ. ಹಲ್ಲಿನ ಕಲ್ಲು ತೆಗೆಯುವವರು, ಸ್ವಚ್ಛ ಮಾಡುವವರು, ಪಾಲಿಶ್ ಮಾಡುವವರು, ಇಲ್ಲವೇ ಹಲ್ಲಿನ ಸ್ವಚ್ಛತೆ ಹೇಳಿಕೊಡುವವರು. ಹೇಳಿಕೊಡುವುದೂ ಕೆಲಸವೇ ಅಂತ ಕಾನೂನೇ ಹೇಳಿದೆ. ಹೇಳಿಕೊಡುವವರ ಹಲ್ಲು ಬೆಳ್ಳಗಿರಬೇಕು ಅಂತ ಎಲ್ಲೂ ಇಲ್ಲ.

ಪಾಚಿ ಎಲ್ಲಿದೆ ಅಂತ ಕೆಂಪು ಬಣ್ಣದಲ್ಲಿ ತೋರಿಸುವ ಡಿಸ್‌ಕ್ಲೋಸಿಂಗ್ ದ್ರಾವಣ ನಿಮ್ಮ ಕ್ಲಿನಿಕ್‌ನಲ್ಲಿ ಇದ್ದೇ ಇರುತ್ತೆ. ಅದನ್ನು ಒಮ್ಮೆ ನಿನ್ನ ಹಲ್ಲಿಗೇ ಹಚ್ಚಿಕೊಂಡು ಕನ್ನಡಿಯಲ್ಲಿ ನೋಡು. ಬಣ್ಣ ಹಿಡಿಯುವುದು ಪಾಚಿಗೆ. ನಿನ್ನ ಕಂದು ಪಟ್ಟೆ ಎನಾಮೆಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರದ ಒಳಗಿನದು. ನಾನು ಹೇಳಿದರೆ ನಿನಗೆ ಗೊತ್ತಿರುವ ಪಾಠವೇ. ಕಣ್ಣಿಂದ ನೋಡು.

ದಾರಿಹೋಕ:

ಇಷ್ಟೆಲ್ಲ ಯಾಕೆ? ಕಾಲೇಜಿನಲ್ಲೇ ಕಲೆ ಮುಚ್ಚುವ ಹಾಗೆ ಹಲ್ಲಿನ ಬಣ್ಣದ ಕಾಂಪೋಸಿಟ್ ಲೇಪ ಹಾಕಿಸಿಕೊಂಡುಬಿಡಿ. ಒಂದು ಮಧ್ಯಾಹ್ನದ ಕೆಲಸ. ಯಾರೂ ಕೇಳಲ್ಲ.

ಮುಳಬಾಗಿಲು ಟೀಚರ್:

ನಾನು ಪ್ರೈಮರಿ ಶಾಲೆ ಟೀಚರ್. ಕೋಲಾರದ ಕಡೆಯೂ ಇದೇ ಕತೆ, ನನ್ನ ಹಲ್ಲೂ ಹೀಗೇ ಇದೆ. ಮಕ್ಕಳು ಈ ಕಂದು ಬಣ್ಣ ಹೋಗಲಿ ಅಂತ ಏನೇನು ಮಾಡುತ್ತಾರೆ ಗೊತ್ತಾ? ಇಟ್ಟಿಗೆ ಪುಡಿ, ಇದ್ದಿಲು, ಒಬ್ಬಳು ಪಾತ್ರೆ ತಿಕ್ಕುವ ಪುಡಿ ಹಾಕಿ ಉಜ್ಜಿಕೊಂಡು ವಸಡು ಸುಲಿದುಕೊಂಡು ಬಂದಿದ್ದಳು. ನಿನ್ನಂಥವರು ಶಾಲೆಗೆ ಬಂದು ಮಾತಾಡಿದರೆ ಎಷ್ಟು ಒಳ್ಳೆಯದು.

ಎರಡು ಅನುಮಾನ ಇದೆ. ನೀರು ಕುದಿಸಿ ಕುಡಿದರೆ ಫ್ಲೋರೈಡ್ ಹೋಗುತ್ತಾ? ಮತ್ತೆ ನಮ್ಮಂಥ ಕಡೆ ಮಕ್ಕಳಿಗೆ ಫ್ಲೋರೈಡ್ ಇರುವ ಪೇಸ್ಟ್ ಕೊಡಬಹುದಾ?

ಪಾವಗಡದವಳು:

ಹುಬ್ಬಳ್ಳಿ ಅಕ್ಕಾ, ಬೇಲಿ ಕಂಬದ ಮಾತು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ.

ಟೀಚರ್, ಕುದಿಸಿದರೆ ಹೋಗುವುದಿಲ್ಲ. ಕುದಿಸಿದಾಗ ಸಾಯುವುದು ರೋಗಾಣು. ಫ್ಲೋರೈಡ್ ಉಪ್ಪಿನ ಹಾಗೆ ನೀರಲ್ಲೇ ಉಳಿಯುತ್ತೆ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅದು ಗಟ್ಟಿ ಆಗುತ್ತೆ. ಕುಡಿಯುವ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಅಡುಗೆಗೂ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿದರೆ ಒಳ್ಳೆಯದು. ನಮ್ಮ ಮನೆಯಲ್ಲಿ ಬಹಳ ದಿನ ಕುಡಿಯಲು ಕ್ಯಾನ್ ನೀರು, ಸಾರಿಗೆ ಬೋರ್ ನೀರು ಅಂತ ನಡೆಯುತ್ತಿತ್ತು. ಬೇಳೆಯ ಜೊತೆ ಅದೂ ಹೊಟ್ಟೆಗೇ ಹೋಗುತ್ತೆ ಅಲ್ವಾ?

ಪೇಸ್ಟ್ ವಿಷಯ. ಕಲೆ ಮೂಡುವುದು ಹಲ್ಲು ವಸಡಿನೊಳಗೆ ತಯಾರಾಗುವ ಹೊತ್ತಿನಲ್ಲಿ, ಸುಮಾರು ಎಂಟು ವರ್ಷದವರೆಗೆ. ಆ ವಯಸ್ಸಿನಲ್ಲಿ ನುಂಗಿದ ಫ್ಲೋರೈಡ್ ಲೆಕ್ಕಕ್ಕೆ ಬರುತ್ತೆ. ಪೇಸ್ಟಿನಲ್ಲಿ ಇರುವುದು ಹಲ್ಲಿನ ಮೇಲ್ಮೈಗೆ ತಾಗಿ ಹುಳುಕು ತಡೆಯಲಿ ಅಂತ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಅಂತ ನಮಗೆ ಹೇಳಿಕೊಡುತ್ತಾರೆ. ಜಾಹೀರಾತಿನ ಹಾಗೆ ಬ್ರಷ್ ತುಂಬ ಹಾಕಬಾರದು. ದೊಡ್ಡವರು ಪಕ್ಕದಲ್ಲಿ ನಿಂತು ಉಗುಳಿಸಬೇಕು. ನಿಮ್ಮ ಊರಿನ ನೀರಲ್ಲಿ ಫ್ಲೋರೈಡ್ ತುಂಬಾ ಇದ್ದರೆ ಸಣ್ಣ ಮಕ್ಕಳ ಪೇಸ್ಟ್ ಬಗ್ಗೆ ಡೆಂಟಿಸ್ಟ್ ಹತ್ತಿರ ಒಮ್ಮೆ ಕೇಳಿ. ಅದಕ್ಕೂ ಮೊದಲು ನೀರು ಪರೀಕ್ಷೆ ಮಾಡಿಸಿ. ಪಾತ್ರೆ ಪುಡಿ, ಇಟ್ಟಿಗೆ ಪುಡಿ ಮಾತ್ರ ದಯವಿಟ್ಟು ಬಿಡಿಸಿ. ಬಣ್ಣ ಹೋಗಲ್ಲ, ಎನಾಮೆಲ್ ಸವೆಯುತ್ತೆ.

ದಾರಿಹೋಕ ಅವರೇ, ನೀವು ಹೇಳಿದ್ದು ತಪ್ಪಲ್ಲ. ನಮ್ಮ ಸರ್ ಒಬ್ಬರು ಮೇಲ್ಪದರ ತೀರಾ ತೆಳುವಾಗಿ ಉಜ್ಜಿ ತೆಗೆಯುವ ಚಿಕಿತ್ಸೆಯ ಬಗ್ಗೆಯೂ ಹೇಳಿದ್ದಾರೆ. ಮುಂದೆ ಮಾಡಿಸಿಕೊಂಡರೂ ಮಾಡಿಸಿಕೊಳ್ಳಬಹುದು. ಆದರೆ ನನ್ನ ಊರಿನ ಎಲ್ಲರಿಗೂ ಅದು ಸಿಗುವುದಿಲ್ಲ. ಅವರು ಕುರ್ಚಿಯಲ್ಲಿ ಬಂದು ಕೂತಾಗ ನನಗೆ ಮಾತು ಬರಬೇಕು.

ಬ್ರಾಂಪ್ಟನ್‌ನಿಂದ:

ನಾನು ಮಂಡ್ಯದವಳು, ಈಗ ಕೆನಡಾದ ಒಂಟಾರಿಯೊದಲ್ಲಿ ಹೈಜೀನಿಸ್ಟ್. ಇಲ್ಲಿ ಓದುವಾಗ ಒಬ್ಬ ರೋಗಿಗೆ ಮೂರು ಗಂಟೆ ಕೊಡುತ್ತಿದ್ದರು. ಪ್ರತಿ ಹಂತಕ್ಕೂ ಟೀಚರ್ ಬಂದು ನೋಡಿ ಸಹಿ ಹಾಕಬೇಕು. ಇಂಗ್ಲಿಷ್‌ನಲ್ಲಿ ವಿವರಿಸಲು ನಾಲಿಗೆ ತಿರುಗದೆ, ನಾನೂ ಮಾಸ್ಕ್ ಹಿಂದೆ ಸುಮ್ನೆ ಇರುತ್ತಿದ್ದೆ. ನಿನ್ನ ಸಂಕಟ ಅರ್ಥವಾಗುತ್ತೆ.

ಒಂದು ವಿಷಯ ಹೇಳುತ್ತೇನೆ. ಈ ವೃತ್ತಿ ಶುರುವಾಗಿದ್ದೇ ಡಿಗ್ರಿ ಇಲ್ಲದ ಒಬ್ಬ ಹೆಣ್ಣುಮಗಳಿಂದ. ಅಮೆರಿಕದ ಬ್ರಿಜ್‌ಪೋರ್ಟ್‌ನ ದಂತವೈದ್ಯ ಆಲ್‌ಫ್ರೆಡ್ ಫೋನ್ಸ್ 1906ರಲ್ಲಿ ತಮ್ಮ ಸಹಾಯಕಿ ಐರೀನ್ ನ್ಯೂಮನ್‌ಗೆ ಹಲ್ಲು ಸ್ವಚ್ಛ ಮಾಡುವುದು ಕಲಿಸಿದರು. 1913ರಲ್ಲಿ ಶಾಲೆ ಶುರುವಾಯಿತು. ಅಲ್ಲಿ ಕಲಿತವರು ಊರಿನ ಶಾಲೆಗಳಿಗೇ ಹೋಗಿ ಮಕ್ಕಳಿಗೆ ಹಲ್ಲುಜ್ಜುವುದು ಹೇಳಿಕೊಟ್ಟರು. ಮುಳಬಾಗಿಲು ಟೀಚರ್ ಹೇಳಿದ್ದು ಇದೇ ಕೆಲಸ ನೋಡು.

ಕೈಯ ಬಗ್ಗೆಯೂ ಒಂದು ಮಾತು, ನೀನು ಕೇಳದಿದ್ದರೂ. ಕಲ್ಲು ಕೆರೆಯುವ ಕೈ ಉಪಕರಣ ಕ್ಯೂರೆಟ್ ಮೊಂಡಾದರೆ ಒತ್ತಡ ಹಾಕಬೇಕಾಗುತ್ತೆ. ಆಗ ಕಲ್ಲು ಕಳಚುವುದಿಲ್ಲ, ಮೇಲೆ ನುಣುಪಾಗಿ ಅಲ್ಲೇ ಕೂರುತ್ತೆ. ತಡವಿ ಹುಡುಕುವ ಚೂಪು ಕಡ್ಡಿ ಎಕ್ಸ್‌ಪ್ಲೋರರ್‌ಗೂ ಸಿಗುವುದಿಲ್ಲ. ಮಣಿಕಟ್ಟೂ ಹೋಗುತ್ತೆ. ಸಾಣೆ ಹಿಡಿಯುವುದನ್ನು ಈಗಲೇ ಚೆನ್ನಾಗಿ ಕಲಿ. ಉಂಗುರ ಬೆರಳನ್ನು ಹಲ್ಲಿನ ಮೇಲೆ ಊರದೆ ಒಂದು ಎಳೆತವನ್ನೂ ಎಳೆಯಬೇಡ. ನನಗೆ 35ಕ್ಕೇ ಹೆಬ್ಬೆರಳು ನೋವು ಶುರುವಾಯಿತು.

ಪಾವಗಡದವಳು:

ಮೂರು ವಾರ ಆಯಿತು. ಏನಾಯಿತು ಅಂತ ಹೇಳಬೇಕು ಅನಿಸಿತು.

ಮೊದಲು ಹುಬ್ಬಳ್ಳಿ ಅಕ್ಕ ಹೇಳಿದ ಹಾಗೆ ಬಣ್ಣ ಹಚ್ಚಿಕೊಂಡು ನೋಡಿದೆ. ಸಂಜೆ ಕ್ಲಿನಿಕ್ ಮುಗಿದ ಮೇಲೆ, ಮೇಡಂ ಅನುಮತಿ ಕೇಳಿ. ಮುಕ್ಕಳಿಸಿ ಕನ್ನಡಿ ನೋಡಿದರೆ ಮುಂದಿನ ಹಲ್ಲುಗಳ ಮೇಲೆ ಕೆಂಪು ಇಲ್ಲವೇ ಇಲ್ಲ. ಕಂದು ಪಟ್ಟೆ ಹಾಗೇ ಇದೆ, ಅದರ ಮೇಲೆ ಬಣ್ಣ ನಿಂತಿಲ್ಲ. ಎಷ್ಟೋ ವರ್ಷದಿಂದ ನನ್ನ ಹಲ್ಲು ಕೊಳಕು ಅಂತ ಒಳಗೊಳಗೇ ನಂಬಿಕೊಂಡಿದ್ದೆ. ಪುಸ್ತಕ ಓದಿ ಪರೀಕ್ಷೆಯಲ್ಲಿ ಸರಿಯಾಗಿ ಬರೆದ ಮೇಲೂ ನಂಬಿಕೊಂಡಿದ್ದೆ. ಅವತ್ತು ಸಿಂಕ್ ಮುಂದೆ ನಿಂತು ಅತ್ತುಬಿಟ್ಟೆ.

ಹೋದ ಗುರುವಾರ ಗೌರಿಬಿದನೂರು ಕಡೆಯಿಂದ ಒಬ್ಬರು ತಾಯಿ ಮಗಳನ್ನು ಕರೆದುಕೊಂಡು ಬಂದರು. ಹುಡುಗಿಗೆ ಹದಿಮೂರು. ಮಾತಾಡುವಾಗ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದಳು. ನಾನೂ ಹೈಸ್ಕೂಲ್ ಪೂರ್ತಿ ಹಾಗೇ ಹಿಡಿಯುತ್ತಿದ್ದೆ. ತಾಯಿ ಹೇಳಿದರು: "ಇವಳು ಸರಿಯಾಗಿ ಉಜ್ಜಲ್ಲ ಮೇಡಂ. ಎಷ್ಟು ಬೈದರೂ ಕೇಳಲ್ಲ. ಕಂದು ಕಟ್ಟಿದೆ, ಕೆರೆದು ತೆಗೀರಿ."

ಸ್ಕೇಲಿಂಗ್ ಶುರು ಮಾಡುವ ಮೊದಲೇ ಸ್ಟೂಲ್ ಎಳೆದುಕೊಂಡು ಅವಳ ಎದುರು ಕೂತು ಮಾಸ್ಕ್ ತೆಗೆದೆ. "ನನ್ನ ಹಲ್ಲು ನೋಡು" ಎಂದೆ. ಹುಡುಗಿ ನೋಡಿದಳು. ತಾಯಿಯೂ ನೋಡಿದರು. ಒಂದು ನಿಮಿಷ ಯಾರೂ ಮಾತಾಡಲಿಲ್ಲ.

ಆಮೇಲೆ ನಮ್ಮ ಮನೆಯ ಕತೆ ಹೇಳಿದೆ. ನಾನು ಐದನೇ ಕ್ಲಾಸಿನಲ್ಲಿದ್ದಾಗ ನಮ್ಮ ಊರಿಗೆ ಶುದ್ಧ ನೀರಿನ ಘಟಕ ಬಂತು. ಅದೇ ವರ್ಷ ತಮ್ಮ ಹುಟ್ಟಿದ. ಅಮ್ಮ ಅವನಿಗೆ ಮಾತ್ರ ಸಾರಿಗೂ ಗಂಜಿಗೂ ಕ್ಯಾನ್ ನೀರೇ ಹಾಕುತ್ತಿದ್ದಳು. ಈಗ ಅವನಿಗೆ ಹತ್ತು. ಮುಂದಿನ ಹಲ್ಲು ತೆಂಗಿನಕಾಯಿ ಹೋಳಿನ ಹಾಗೆ ಬೆಳ್ಳಗಿದೆ. ಹಲ್ಲುಜ್ಜುವುದರಲ್ಲಿ ನನಗಿಂತ ಸೋಮಾರಿ. ಒಂದೇ ಮನೆ, ಒಂದೇ ಅಡುಗೆ, ಬದಲಾಗಿದ್ದು ನೀರು ಮಾತ್ರ. "ಇದು ಉಜ್ಜದೆ ಬಂದ ಕಲೆ ಅಲ್ಲ ಅಮ್ಮಾ, ಅವಳನ್ನು ಬೈಬೇಡಿ. ನಾನು ಕೆರೆದರೂ ಇದು ಹೋಗಲ್ಲ, ಕಲ್ಲು ಮಾತ್ರ ಹೋಗುತ್ತೆ. ಬಣ್ಣಕ್ಕೆ ಬೇರೆ ಚಿಕಿತ್ಸೆ ಇದೆ, ಡಾಕ್ಟರ್ ಹೇಳುತ್ತಾರೆ" ಎಂದೆ. ತಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡು ಮಗಳ ತಲೆ ಮೇಲೆ ಕೈ ಇಟ್ಟರು. ಏನೂ ಹೇಳಲಿಲ್ಲ.

ಹುಡುಗಿಗೆ ಬಣ್ಣ ಹಚ್ಚಿದೆ. ಅವಳು ಒಬ್ಬಳೇ ಕೂರಬಾರದು ಅಂತ ನಾನೂ ಹಚ್ಚಿಕೊಂಡೆ. ಇಬ್ಬರೂ ಮುಕ್ಕಳಿಸಿ ಒಂದೇ ಕನ್ನಡಿಯಲ್ಲಿ ನೋಡಿದೆವು. ಅವಳ ಮುಂದಿನ ಹಲ್ಲಿನ ಕಂದು ಮಚ್ಚೆ ಹಾಗೇ ಇತ್ತು, ಕೆಂಪು ನಿಂತಿದ್ದು ವಸಡಿನ ಅಂಚಿನಲ್ಲಿ ಮತ್ತು ದವಡೆಯ ಸಂದುಗಳಲ್ಲಿ. "ನಿನ್ನ ಬ್ರಷ್ ತಲುಪದೇ ಇರುವುದು ಇಷ್ಟೇ ಜಾಗ" ಅಂತ ತೋರಿಸಿದೆ. ಬ್ರಷ್ ಕೊಟ್ಟು ಅವಳ ಕೈ ಹಿಡಿದು ಓರೆ ಮಾಡಿಸಿದೆ. ಮೊದಲು ಒತ್ತಿ ಉಜ್ಜಿದಳು. "ಮೆಲ್ಲಗೆ, ಮಗುವಿನ ಕೆನ್ನೆ ಸವರಿದ ಹಾಗೆ" ಎಂದೆ. ಎರಡನೇ ಸಲಕ್ಕೆ ಅಂಚಿನ ಕೆಂಪು ಪೂರ್ತಿ ಹೋಯಿತು.

ಆಮೇಲೆ ಅವಳು ಕನ್ನಡಿಯನ್ನು ನನ್ನ ಕಡೆ ತಿರುಗಿಸಿ ಹಿಡಿದಳು. ಈಗ ಬಾಯಿಗೆ ಕೈ ಅಡ್ಡ ಇರಲಿಲ್ಲ. "ಅಕ್ಕಾ, ನಿಮ್ಮದು ಬಾಯಿ ದೊಡ್ಡದಾಗಿ ತೆಗೀರಿ" ಎಂದಳು. ತೆಗೆದೆ. ತುಂಬಾ ಹೊತ್ತು ಹುಡುಕಿದಳು. ಎಡಗಡೆ ಕೊನೆಯ ದವಡೆಹಲ್ಲಿನ ಹಿಂದೆ ಬೆರಳು ತೋರಿಸಿದಳು. "ಇಲ್ಲಿ ಒಂಚೂರು ಉಳಿದಿದೆ."

ನಾನು ಹೊಸ ಬ್ರಷ್ ತೆಗೆದುಕೊಂಡೆ. ಅವಳು ಕನ್ನಡಿ ಹಿಡಿದುಕೊಂಡು ನಿಂತಳು.